ಸಣ್ಣ ಯಂತ್ರದಲ್ಲಿ ದೊಡ್ಡ ಡೇಟಾಬೇಸ್ ಕುಗ್ಗಿಸುವುದು: ಮೆಮೊರಿ, ಕಾರ್ಡು, ಪ್ರೊಸೆಸರ್ ಮೇಲೆ ಹೊರೆ ಬೀಳದ ಹಾಗೆ

ಕೆಲವು ತಿಂಗಳಿಂದ ನನಗೆ ಒಂದೇ ತರಹದ ಫೋನ್ ಬರುತ್ತಿದೆ. ಒಂದು ತಿಕೋಟಾ ಕಡೆಯ ಮಣೂಕದ (ಒಣದ್ರಾಕ್ಷಿ) ಶೆಡ್ಡಿನಿಂದ, ಇನ್ನೊಂದು ಜಮಖಂಡಿ ಹತ್ತಿರದ ಕಬ್ಬಿನ ಕಾಟಾದಿಂದ (ತೂಕ ಮಾಡುವ ಜಾಗ), ಮತ್ತೊಂದು ಬೆಳಗಾವಿ ಉದ್ಯಮಬಾಗದ ಮಷೀನ್ ಶಾಪ್‌ನಿಂದ. ಊರು ಬೇರೆ, ಕಥೆ ಒಂದೇ. ರಾಸ್ಪ್‌ಬೆರಿ ಪೈ (ಅಂಗೈಯಗಲದ ಪುಟ್ಟ ಕಂಪ್ಯೂಟರ್) ಇದೆ, ಅದರ ಮೆಮೊರಿ ಕಾರ್ಡಿನಲ್ಲಿ ಎಸ್‌ಕ್ಯೂಲೈಟ್ (ಲೆಕ್ಕವನ್ನೆಲ್ಲ ಒಂದೇ ಫೈಲಿನಲ್ಲಿ ಇಡುವ ಡೇಟಾಬೇಸ್) ಫೈಲ್ ಇದೆ, ನಿಮಿಷಕ್ಕೊಂದು ಸಲ ಸೆನ್ಸರ್ ಲೆಕ್ಕ ಬರೆಯುತ್ತಾ ಎರಡು ಮೂರು ವರ್ಷ ಆಗಿದೆ. ಕಾರ್ಡು ತುಂಬಿತು. ಹಳೇ ಸಾಲುಗಳನ್ನು ಅಳಿಸಿದರು. ಫೈಲ್ ಮಾತ್ರ ಇದ್ದಷ್ಟೇ ಇತ್ತು. ಯಾರೋ ಹೇಳಿದರು ಅಂತ ವ್ಯಾಕ್ಯೂಮ್ ಎಂಬ ಕುಗ್ಗಿಸುವ ಆಜ್ಞೆ ಕೊಟ್ಟರು, ಪೈ ಸ್ತಬ್ಧ ಆಯಿತು, ಗಾಬರಿಯಾಗಿ ವೈರ್ ಕಿತ್ತರು.

ಎಲ್ಲರೂ ಎಡವುವುದು ಒಂದೇ ಜಾಗದಲ್ಲಿ. ಅದಕ್ಕೇ ಇದನ್ನು ಹಂತ ಹಂತವಾಗಿ ಬರೆಯುತ್ತಿದ್ದೇನೆ. ಆಜ್ಞೆಗಳನ್ನು ಕನ್ನಡದಲ್ಲೇ, ಬಾಯಲ್ಲಿ ಹೇಳುವ ಹಾಗೆ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯಿರಿ. ನಾನು ಅಂಡರ್‌ಸ್ಕೋರ್ ಹಾಕಿದ ಕಡೆ ನೀವೂ ಹಾಕಿ.

ಮೊದಲು ಇದನ್ನು ತಿಳಿದುಕೊಳ್ಳಿ

ಮಣೂಕದ ಶೆಡ್ಡಿನಲ್ಲಿ ಬಲೆಯ ಅಂತಸ್ತುಗಳು ಇರುತ್ತವಲ್ಲ, ಅದನ್ನೇ ನೆನಪಿಸಿಕೊಳ್ಳಿ. ಕೆಟ್ಟ ಗೊಂಚಲು ಆರಿಸಿ ತೆಗೆದರೆ ಬಲೆಯ ಮೇಲೆ ಅಲ್ಲಲ್ಲಿ ಖಾಲಿ ಜಾಗ ಆಗುತ್ತದೆ, ಬಲೆಗಳ ಸಂಖ್ಯೆ ಕಡಿಮೆ ಆಗುವುದಿಲ್ಲ. ಎಸ್‌ಕ್ಯೂಲೈಟ್‌ನಲ್ಲೂ ಹಾಗೇ. ಸಾಲು ಅಳಿಸಿದಾಗ ಪೂರ್ತಿ ಖಾಲಿಯಾದ ಪುಟಗಳು (ಫೈಲಿನ ಸಮಾನ ಅಳತೆಯ ತುಂಡುಗಳು) ಫ್ರೀಲಿಸ್ಟ್ ಎಂಬ ಪಟ್ಟಿಗೆ ಸೇರುತ್ತವೆ. ಮುಂದೆ ಬರುವ ಸಾಲುಗಳು ಆ ಪುಟಗಳನ್ನೇ ತುಂಬುತ್ತವೆ. ಫೈಲ್ ಚಿಕ್ಕದಾಗುವುದಿಲ್ಲ.

ಚಿಕ್ಕದಾಗಬೇಕು ಅಂದರೆ ಇದ್ದದ್ದನ್ನೆಲ್ಲ ಹೊಸ ಬಲೆಗೆ ಒತ್ತಾಗಿ ಹರಡಬೇಕು. ಅಂದರೆ ಕೆಲಸ ನಡೆಯುವಷ್ಟು ಹೊತ್ತು ಹೊಸ ಬಲೆಗೂ ಜಾಗ ಬೇಕು. ವ್ಯಾಕ್ಯೂಮ್ ಮಾಡುವುದು ಇದನ್ನೇ. ಡೇಟಾದ ಪೂರ್ತಿ ಪ್ರತಿ ಒಂದನ್ನು ಬೇರೆ ಕಡೆ ಮಾಡಿ, ಅದನ್ನು ವಾಪಸ್ ಮೂಲ ಫೈಲಿನ ಮೇಲೆ ಬರೆಯುತ್ತದೆ. ವಾಪಸ್ ಬರೆಯುವಾಗ ಮಧ್ಯೆ ಕರೆಂಟ್ ಹೋದರೂ ಹಾಳಾಗಬಾರದು ಅಂತ ಜರ್ನಲ್ (ಬದಲಾವಣೆಯ ದಾಖಲೆ ಫೈಲ್) ಕೂಡ ಇಡುತ್ತದೆ. ಹಾಗಾಗಿ ಮೂಲ ಫೈಲಿನ ಎರಡರಷ್ಟು ಖಾಲಿ ಜಾಗ ಬೇಕಾಗಬಹುದು. 1.2 ಜಿಬಿ ಫೈಲಿಗೆ 2.4 ಜಿಬಿ! ಕಾರ್ಡು ತುಂಬಿದೆ ಅಂತ ತಾನೇ ಈ ಕೆಲಸಕ್ಕೆ ಇಳಿದದ್ದು?

ಆ ಜಾಗ ಎಲ್ಲಿಂದ ಬರುತ್ತದೆ ಅಂತ ನೀವು ತೀರ್ಮಾನಿಸಬೇಕು. ನೀವು ತೀರ್ಮಾನಿಸದಿದ್ದರೆ ಯಂತ್ರವೇ ತೀರ್ಮಾನಿಸುತ್ತದೆ, ಆಗ ಬಹಳ ಸಲ ಅದು ರ‍್ಯಾಮ್‌ನಿಂದ ಬರುತ್ತದೆ.

ಬೇಕಾದ ಸಾಮಾನು

ಎಸ್‌ಕ್ಯೂಲೈಟ್ ಕಮಾಂಡ್ ಲೈನ್ ಉಪಕರಣ ಬೇಕು, ಆವೃತ್ತಿ 3.27 ಅಥವಾ ಹೊಸದು. 2019ರಲ್ಲಿ ಬಂದ ಈ ಆವೃತ್ತಿಯಿಂದಲೇ ವ್ಯಾಕ್ಯೂಮ್ ಇನ್‌ಟು ಸಿಗುವುದು, ನಮ್ಮ ಪೂರ್ತಿ ಕೆಲಸ ಅದರ ಮೇಲೆ ನಿಂತಿದೆ.

ಒಂದು ಯುಎಸ್‌ಬಿ ಎಸ್‌ಎಸ್‌ಡಿ ಅಥವಾ ಒಳ್ಳೆಯ ಪೆನ್‌ಡ್ರೈವ್. ಅದನ್ನು ಎಕ್ಸ್ಟ್4 ಆಗಿ ಫಾರ್ಮ್ಯಾಟ್ ಮಾಡಿಕೊಳ್ಳಿ. ಅಂಗಡಿಯಿಂದ ತಂದ ಪೆನ್‌ಡ್ರೈವ್ ಹೆಚ್ಚಾಗಿ ಫ್ಯಾಟ್32 ಇರುತ್ತದೆ. ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ, ಕರೆಂಟ್ ಹೋದರೆ ತಡೆದುಕೊಳ್ಳುವ ಜರ್ನಲ್ ಕೂಡ ಇಲ್ಲ.

ಮೂರನೆಯದು ಗಟ್ಟಿಯಾದ ಕರೆಂಟ್. ಯುಪಿಎಸ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಕನಿಷ್ಠ ಪೈಗೆಂದೇ ಮಾಡಿದ ಅಡಾಪ್ಟರನ್ನೇ ಹಚ್ಚಿ. ಮೊಬೈಲ್ ಚಾರ್ಜರ್ ಹಚ್ಚಿದ ಪೈ ಸುಮ್ನೆ ಇದ್ದಾಗ ಚೆನ್ನಾಗಿಯೇ ಇರುತ್ತದೆ, ಡ್ರೈವ್ ಚುಚ್ಚಿ ಕೆಲಸ ಹಚ್ಚಿದಾಗ ವೋಲ್ಟೇಜ್ ಕುಸಿಯುತ್ತದೆ.

ಹಂತ 1: ಕುಗ್ಗಿಸುವ ಅಗತ್ಯ ಇದೆಯಾ ಅಂತ ಅಳೆಯಿರಿ

ಡೇಟಾಬೇಸ್ ತೆರೆದು ಮೂರು ಪ್ರಶ್ನೆ ಕೇಳಿ (ಪ್ರಾಗ್ಮಾ ಅಂದರೆ ಎಸ್‌ಕ್ಯೂಲೈಟ್‌ನ ಸೆಟ್ಟಿಂಗ್ ಕೇಳುವ, ಬದಲಿಸುವ ಆಜ್ಞೆ). ಪ್ರಾಗ್ಮಾ ಪೇಜ್_ಸೈಜ್, ಪ್ರಾಗ್ಮಾ ಪೇಜ್_ಕೌಂಟ್, ಪ್ರಾಗ್ಮಾ ಫ್ರೀಲಿಸ್ಟ್_ಕೌಂಟ್. ಮೂರೂ ಓದುವ ಪ್ರಶ್ನೆಗಳಷ್ಟೇ, ಏನನ್ನೂ ಬದಲಿಸುವುದಿಲ್ಲ.

ಪುಟದ ಅಳತೆ 4096 ಬೈಟ್, ಒಟ್ಟು ಪುಟ 3,00,000, ಖಾಲಿ ಪುಟ 2,10,000 ಅಂತ ಬಂತು ಅಂದುಕೊಳ್ಳಿ. ಫೈಲ್ ಸುಮಾರು 1.23 ಜಿಬಿ, ಅದರಲ್ಲಿ 860 ಎಂಬಿ ಖಾಲಿ. ನಿಜವಾದ ಡೇಟಾ 90,000 ಪುಟ, ಅಂದರೆ 370 ಎಂಬಿ ಆಸುಪಾಸು. ಈ 370 ಅನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಮುಂದೆ ಬೇಕು.

ಖಾಲಿ ಪುಟ ಒಟ್ಟಿನ ಕಾಲು ಭಾಗಕ್ಕಿಂತ ಕಡಿಮೆ ಇದ್ದರೆ ನಾನಂತೂ ಕೈ ಹಚ್ಚುವುದಿಲ್ಲ. ಆ ಪುಟಗಳು ಮುಂದಿನ ಸಾಲುಗಳಿಗೆ ಹೇಗೂ ಬಳಕೆಯಾಗುತ್ತವೆ. ಇವತ್ತು ಕುಗ್ಗಿಸಿ ನಾಳೆ ಮತ್ತೆ ಬೆಳೆಸುವುದರಲ್ಲಿ ಕಾರ್ಡಿಗೆ ಎರಡು ಸಲ ಸವೆತ, ಲಾಭ ಏನೂ ಇಲ್ಲ. ಪ್ರತಿ ವಾರ, ಹೊತ್ತಿಗೆ ಸರಿಯಾಗಿ ಆಜ್ಞೆ ಓಡಿಸುವ ಕ್ರಾನ್‌ನಲ್ಲಿ ವ್ಯಾಕ್ಯೂಮ್ ಹಾಕಿಟ್ಟವರು ಭಾಳ ಮಂದಿ ಇದ್ದಾರೆ. ದಯವಿಟ್ಟು ಅದನ್ನು ಇವತ್ತೇ ತೆಗೆಯಿರಿ.

ಹಂತ 2: ಬ್ಯಾಕಪ್, ಆದರೆ ಸಿಪಿ ಆಜ್ಞೆಯಿಂದ ಅಲ್ಲ

ಲಾಗರ್ (ಸೆನ್ಸರ್ ಲೆಕ್ಕ ಬರೆಯುವ ಪ್ರೋಗ್ರಾಂ) ಓಡುತ್ತಿರುವಾಗ ಫೈಲನ್ನು ಸಿಪಿ ಆಜ್ಞೆಯಿಂದ ನಕಲು ಮಾಡಬೇಡಿ. ಡಬ್ಲ್ಯುಎಎಲ್ ಮೋಡ್‌ನಲ್ಲಿ ಇತ್ತೀಚೆಗೆ ಬರೆದ ಸಾಲುಗಳು ಮುಖ್ಯ ಫೈಲಿನಲ್ಲಿ ಇನ್ನೂ ಇರುವುದಿಲ್ಲ, ಪಕ್ಕದಲ್ಲಿ ಅದೇ ಹೆಸರಿಗೆ ಹೈಫನ್ ಮತ್ತು ಡಬ್ಲ್ಯುಎಎಲ್ ಸೇರಿಸಿದ ಫೈಲಿನಲ್ಲಿ ಇರುತ್ತವೆ. ಒಂದು ಶೆಡ್ಡಿನಲ್ಲಿ ನಾನೇ ಮುಖ್ಯ ಫೈಲ್ ಒಂದನ್ನೇ ನಕಲು ಮಾಡಿಕೊಂಡು ಬಂದೆ. ಡ್ಯಾಶ್‌ಬೋರ್ಡ್ ಒಂದು ಓದುವ ಕನೆಕ್ಷನ್ ಹಿಡಿದುಕೊಂಡೇ ಕೂತಿದ್ದರಿಂದ ಮೂರು ದಿನದ ತೇವಾಂಶದ ಲೆಕ್ಕ ಪಕ್ಕದ ಫೈಲಿನಲ್ಲೇ ಉಳಿದಿತ್ತು. ಒಣಗಿಸುವ ಹದ ನೋಡಲು ಬೇಕಾಗಿದ್ದೇ ಆ ಮೂರು ದಿನ. ಆಮೇಲೆ ಎಷ್ಟು ಹುಡುಕಿದರೂ ಸಿಗಲಿಲ್ಲ.

ಎಸ್‌ಕ್ಯೂಲೈಟ್ ಉಪಕರಣದಲ್ಲೇ ಚುಕ್ಕೆ ಇಟ್ಟು ಬ್ಯಾಕಪ್ ಅಂತ ಒಂದು ಆಜ್ಞೆ ಇದೆ. ಅದನ್ನು ಪೆನ್‌ಡ್ರೈವಿಗೆ ಕೊಡಿ. ಅದರಲ್ಲೂ ಒಂದು ತೊಡಕಿದೆ. ಅದು ಸ್ವಲ್ಪ ಸ್ವಲ್ಪ ಪುಟಗಳನ್ನು ನಕಲು ಮಾಡುತ್ತದೆ. ನಡುವೆ ಬೇರೆ ಪ್ರೋಗ್ರಾಂ ಏನಾದರೂ ಬರೆದರೆ ಮತ್ತೆ ಮೊದಲಿನಿಂದ ಶುರು ಮಾಡುತ್ತದೆ. ಐದು ಸೆಕೆಂಡಿಗೊಮ್ಮೆ ಬರೆಯುವ ಲಾಗರ್ ಇದ್ದರೆ ದೊಡ್ಡ ಫೈಲಿನ ಬ್ಯಾಕಪ್ ಮುಗಿಯುವುದೇ ಇಲ್ಲ, ನೀವು ಪೈ ನಿಧಾನ ಅಂದುಕೊಳ್ಳುತ್ತೀರಿ. ಹತ್ತು ನಿಮಿಷ ಲಾಗರ್ ನಿಲ್ಲಿಸಿ ಬ್ಯಾಕಪ್ ಮುಗಿಸಿಕೊಳ್ಳಿ.

ಮುಗಿದ ಮೇಲೆ ಬ್ಯಾಕಪ್ ಫೈಲ್ ತೆರೆದು ಕೊನೆಯ ಸಾಲಿನ ಸಮಯ ನೋಡಿ. ಇವತ್ತಿನದು ಇದ್ದರೆ ಮುಂದಕ್ಕೆ ಹೋಗಿ.

ಹಂತ 3: ಹಳೇ ಸಾಲು ಅಳಿಸುವುದು, ಕಂತಿನಲ್ಲಿ

30 ಲಕ್ಷ ಸಾಲನ್ನು ಒಂದೇ ಡಿಲೀಟ್‌ನಲ್ಲಿ ಅಳಿಸಿದರೆ ಅದಷ್ಟೂ ಒಂದೇ ಟ್ರಾನ್ಸಾಕ್ಷನ್ (ಪೂರ್ತಿ ಆಗಬೇಕು, ಇಲ್ಲವೇ ಏನೂ ಆಗಬಾರದು ಅನ್ನುವ ಕಟ್ಟು) ಆಗುತ್ತದೆ. ಬದಲಾದ ಪ್ರತಿ ಪುಟಕ್ಕೂ ಜರ್ನಲ್‌ನಲ್ಲಿ ಜಾಗ ಬೇಕು. ತುಂಬಿದ ಕಾರ್ಡು ಅಲ್ಲೇ ಪೂರ್ತಿ ತುಂಬಿ, ಡಿಸ್ಕ್ ಫುಲ್ ಅಂತ ಬಂದು, ಮಾಡಿದ್ದೆಲ್ಲ ವಾಪಸ್ ಆಗುತ್ತದೆ. ಅರ್ಧ ಗಂಟೆ ಕೆಲಸ ಮಾಡಿ ಇದ್ದಲ್ಲೇ ಇದ್ದೀರಿ.

ಒಂದು ಸಲಕ್ಕೆ 5000 ಸಾಲು ಅಳಿಸಿ, ಕಮಿಟ್ ಮಾಡಿ (ಬದಲಾವಣೆ ಖಾಯಂ ಮಾಡಿ), ಅರ್ಧ ಸೆಕೆಂಡ್ ಬಿಟ್ಟು ಮತ್ತೆ 5000. ಅಳಿಸಿದ ಸಾಲುಗಳ ಲೆಕ್ಕ ಸೊನ್ನೆ ಬರುವ ತನಕ. ಡಿಲೀಟ್‌ಗೆ ನೇರವಾಗಿ ಲಿಮಿಟ್ ಹಚ್ಚುವುದು ಎಲ್ಲ ಕಡೆ ನಡೆಯುವುದಿಲ್ಲ, ಅದಕ್ಕೆ ಎಸ್‌ಕ್ಯೂಲೈಟನ್ನು ಬೇರೆ ಆಯ್ಕೆ ಹಾಕಿ ಕಂಪೈಲ್ ಮಾಡಿರಬೇಕು. ಹಾಗಾಗಿ ಹೀಗೆ ಬರೆಯಿರಿ (ರೋಐಡಿ ಅಂದರೆ ಪ್ರತಿ ಸಾಲಿನ ಒಳಗಿನ ಸಂಖ್ಯೆ, ರೀಡಿಂಗ್ಸ್ ಅಂದರೆ ನಿಮ್ಮ ಟೇಬಲ್ಲಿನ ಹೆಸರು): ಡಿಲೀಟ್ ಫ್ರಮ್ ರೀಡಿಂಗ್ಸ್ ವೇರ್ ರೋಐಡಿ ಇನ್, ಆಮೇಲೆ ಕಂಸದೊಳಗೆ ಸೆಲೆಕ್ಟ್ ರೋಐಡಿ ಫ್ರಮ್ ರೀಡಿಂಗ್ಸ್ ವೇರ್ ಸಮಯ ಇಂಥದ್ದಕ್ಕಿಂತ ಹಳೆಯದು, ಲಿಮಿಟ್ 5000. ಇದು ನಡೆಯುವಾಗ ಲಾಗರ್ ನಿಲ್ಲಿಸಬೇಕಾಗಿಲ್ಲ. ಅರ್ಧ ಸೆಕೆಂಡಿನ ಬಿಡುವಿನಲ್ಲಿ ಅದು ತನ್ನ ಸಾಲು ಬರೆದುಕೊಳ್ಳುತ್ತದೆ.

ಇಲ್ಲಿ ಆಗುವ ತಪ್ಪುಗಳು:

ಸಮಯದ ಕಾಲಮ್‌ಗೆ ಇಂಡೆಕ್ಸ್ (ಬೇಗ ಹುಡುಕುವ ಸೂಚಿ) ಇಲ್ಲ, ಹಳೇ ಸಾಲುಗಳು ಟೇಬಲ್ಲಿನಲ್ಲಿ ಅಲ್ಲಲ್ಲಿ ಚದುರಿವೆ. ಆಗ ಪ್ರತಿ ಕಂತಿಗೂ ಟೇಬಲ್ ಉದ್ದಕ್ಕೂ ಹುಡುಕಾಟ. ಹಳೆಯದೆಲ್ಲ ಮೊದಲಿನ ರೋಐಡಿಗಳಲ್ಲೇ ಇದ್ದರೆ ರೋಐಡಿ ಮಿತಿ ಹಾಕಿ ಅಳಿಸುವುದು ಸುಲಭ.

ಸೆಕ್ಯೂರ್_ಡಿಲೀಟ್ ಆನ್ ಇದೆ. ಕೆಲವು ಲಿನಕ್ಸ್‌ಗಳಲ್ಲಿ ಮೊದಲಿನಿಂದಲೇ ಆನ್ ಇರುತ್ತದೆ. ಪ್ರಾಗ್ಮಾ ಸೆಕ್ಯೂರ್_ಡಿಲೀಟ್ ಕೊಟ್ಟಾಗ 1 ಬಂದರೆ, ಅಳಿಸಿದ ಜಾಗದ ಮೇಲೆಲ್ಲ ಸೊನ್ನೆ ಬರೆಯುತ್ತಿದೆ ಅಂತ ಅರ್ಥ. ಶೆಡ್ಡಿನ ತಾಪಮಾನಕ್ಕೆ ಅಷ್ಟು ಗುಟ್ಟು ಬೇಡ ಅಲ್ವಾ, 0 ಮಾಡಿ. ಕಾಟಾದ ಫೈಲಿನಲ್ಲಿ ರೈತರ ಹೆಸರು, ಖಾತೆ ಇದ್ದರೆ ಆನ್ ಇರಲಿ, ನಿಧಾನ ಆದರೂ ಪರವಾಗಿಲ್ಲ.

ಇನ್ನೊಂದು ದಾರಿಯೂ ಇದೆ, ನನಗೆ ಇದೇ ಇಷ್ಟ. ಉಳಿಸಿಕೊಳ್ಳುವುದು ಕಾಲು ಭಾಗಕ್ಕಿಂತ ಕಡಿಮೆ ಇದ್ದರೆ ಅಳಿಸುವ ಗೋಜೇ ಬೇಡ. ಪೆನ್‌ಡ್ರೈವಿನಲ್ಲಿ ಹೊಸ ಡೇಟಾಬೇಸ್ ಮಾಡಿ, ಅದೇ ರಚನೆಯ ಟೇಬಲ್ ಹಾಕಿ, ಹಳೇ ಫೈಲನ್ನು ಅಟ್ಯಾಚ್ ಮಾಡಿ, ಬೇಕಾದ ಸಾಲುಗಳನ್ನಷ್ಟೇ ರೋಐಡಿ ಕ್ರಮದಲ್ಲಿ ಆ ಕಡೆ ಇನ್ಸರ್ಟ್ ಮಾಡಿ. ಇಂಡೆಕ್ಸನ್ನು ಕೊನೆಗೆ ಕಟ್ಟಿ. ಮೊದಲೇ ಕಟ್ಟಿದರೆ ಪ್ರತಿ ಸಾಲಿಗೂ ಅದನ್ನು ತಿದ್ದುತ್ತಾ ಕೂರುತ್ತದೆ. ಹೀಗೆ ಮಾಡಿದರೆ ಖರ್ಚು ಬೀಳುವುದು ಉಳಿಯುವ ಡೇಟಾಗೆ ಮಾತ್ರ. ಬಿಸಾಡುವ ಡೇಟಾಗೆ ಒಂದು ಬೈಟ್ ಕೂಡ ಬರೆಯಬೇಕಾಗಿಲ್ಲ. ಟ್ರಿಗರ್, ವ್ಯೂ ಇದ್ದರೆ ಅವನ್ನೂ ಮರೆಯದೆ ತನ್ನಿ. ಲಾಗರ್ ಓಡುತ್ತಿರುವಾಗ ಇದನ್ನು ಮಾಡಬೇಡಿ, ಹಂತ 4, 5 ಮುಗಿಸಿ ಮಾಡಿ. ಆಮೇಲೆ ವ್ಯಾಕ್ಯೂಮ್ ಬೇಕಾಗಿಲ್ಲ, ನೇರ ಹಂತ 8ಕ್ಕೆ ಹೋಗಬಹುದು. ಹೊಸ ಫೈಲಿಗೆ ಹಂತ 7ರಲ್ಲಿ ಹೇಳುವ ಆಟೋ_ವ್ಯಾಕ್ಯೂಮ್ ಮಾತ್ರ ಟೇಬಲ್ ಹಾಕುವ ಮೊದಲೇ ಕೊಡಿ.

ಹಂತ 4: ಎಲ್ಲರನ್ನೂ ನಿಲ್ಲಿಸಿ

ಲಾಗರ್ ಸರ್ವೀಸ್, ಡ್ಯಾಶ್‌ಬೋರ್ಡ್, ಕ್ರಾನ್‌ನಲ್ಲಿ ಇರುವ ವರದಿ ಸ್ಕ್ರಿಪ್ಟ್, ಎಲ್ಲ. ನಿಲ್ಲಿಸಿದೆ ಅಂದುಕೊಂಡರೆ ಸಾಲದು. ಎಲ್‌ಎಸ್‌ಒಎಫ್ ಆಜ್ಞೆಗೆ ಡೇಟಾಬೇಸ್ ಫೈಲಿನ ಹೆಸರು ಕೊಟ್ಟು ಇನ್ನೂ ಯಾರು ಹಿಡಿದಿದ್ದಾರೆ ನೋಡಿ. ಪಟ್ಟಿ ಖಾಲಿ ಬರಬೇಕು.

ಸರಿಯಾಗಿ ಎಲ್ಲ ಮುಚ್ಚಿದರೆ ಪಕ್ಕದ ಡಬ್ಲ್ಯುಎಎಲ್ ಫೈಲ್ ತಾನೇ ಮಾಯ ಆಗುತ್ತದೆ. ಕೊನೆಯ ಕನೆಕ್ಷನ್ ಮುಚ್ಚುವಾಗ ಅದರಲ್ಲಿದ್ದದ್ದು ಮುಖ್ಯ ಫೈಲಿಗೆ ಸೇರುತ್ತದೆ. ಇನ್ನೂ ಇದ್ದರೆ ಕೈಯಿಂದ ಅಳಿಸಬೇಡಿ, ಯಾವತ್ತೂ. ಅದರಲ್ಲಿ ಡೇಟಾ ಇದೆ. ಉಪಕರಣದಲ್ಲಿ ಡೇಟಾಬೇಸ್ ತೆರೆದು ಪ್ರಾಗ್ಮಾ ವಾಲ್_ಚೆಕ್‌ಪಾಯಿಂಟ್, ಕಂಸದಲ್ಲಿ ಟ್ರಂಕೇಟ್ ಅಂತ ಕೊಟ್ಟು ಹೊರಬನ್ನಿ.

ಪೈಥಾನ್‌ನಿಂದ ಮಾಡುವವರಿಗೆ ಒಂದು ಮಾತು. ಟ್ರಾನ್ಸಾಕ್ಷನ್ ತೆರೆದಿದ್ದರೆ ವ್ಯಾಕ್ಯೂಮ್ ನಡೆಯುವುದಿಲ್ಲ. ಪೈಥಾನ್ ನಿಮಗೆ ಹೇಳದೆಯೇ ಟ್ರಾನ್ಸಾಕ್ಷನ್ ತೆರೆಯುತ್ತದೆ, ಅದಕ್ಕೇ ಮೊದಲು ಕಮಿಟ್ ಮಾಡಿ.

ಹಂತ 5: ತಾತ್ಕಾಲಿಕ ಫೈಲ್ ಎಲ್ಲಿ ಹೋಗುತ್ತದೆ

ಫೋನ್ ಮಾಡಿದವರಲ್ಲಿ ಜಾಸ್ತಿ ಮಂದಿಗೆ ತೊಂದರೆ ಆದದ್ದು ಇಲ್ಲೇ. ನಿಧಾನವಾಗಿ ಓದಿ.

ಸಾದಾ ವ್ಯಾಕ್ಯೂಮ್ ಮಾಡುವ ಪ್ರತಿ ಒಂದು ತಾತ್ಕಾಲಿಕ ಫೈಲ್. ಅದು ರ‍್ಯಾಮ್‌ಗೆ ಹೋಗಲು ಎರಡು ದಾರಿ ಇವೆ.

ಮೊದಲನೆಯದು ಟೆಂಪ್_ಸ್ಟೋರ್ ಎಂಬ ಪ್ರಾಗ್ಮಾ. ಎಸ್‌ಕ್ಯೂಲೈಟ್ ವೇಗ ಮಾಡುವುದು ಹೇಗೆ ಅಂತ ಹುಡುಕಿದರೆ ಎಲ್ಲರೂ ಕೊಡುವ ಸಲಹೆ ಇದನ್ನು ಮೆಮೊರಿ ಅಂತ ಮಾಡಿ, ಅಂದರೆ 2. ದೊಡ್ಡ ಸರ್ವರ್‌ನಲ್ಲಿ ಅದು ಸರಿ. 512 ಎಂಬಿ ರ‍್ಯಾಮ್ ಇರುವ ಪೈ ಝೀರೋ 2 ಡಬ್ಲ್ಯುದಲ್ಲಿ 370 ಎಂಬಿ ಪ್ರತಿಯನ್ನು ರ‍್ಯಾಮ್‌ನಲ್ಲಿ ಕಟ್ಟಲು ಹೋದರೆ ಏನಾಗುತ್ತದೆ ಹೇಳಿ? ಈ ಕೆಲಸಕ್ಕೆ ಟೆಂಪ್_ಸ್ಟೋರ್ 1 ಇರಲಿ, ಅಂದರೆ ಫೈಲ್.

ಎರಡನೆಯದು ಕಣ್ಣಿಗೆ ಬೀಳುವುದಿಲ್ಲ. ಫೈಲ್ ಅಂತ ಹೇಳಿದರೂ ಆ ಫೈಲ್ ಇರುವ ಫೋಲ್ಡರೇ ರ‍್ಯಾಮ್‌ನಲ್ಲಿ ಇರಬಹುದು. ಲಿನಕ್ಸ್‌ನಲ್ಲಿ ಎಸ್‌ಕ್ಯೂಲೈಟ್ ಮೊದಲು ಎಸ್‌ಕ್ಯೂಲೈಟ್_ಟಿಎಂಪಿಡಿಐಆರ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ ನೋಡುತ್ತದೆ, ಆಮೇಲೆ ಟಿಎಂಪಿಡಿಐಆರ್, ಆಮೇಲೆ ವಾರ್ ಒಳಗಿನ ಟೆಂಪ್ ಫೋಲ್ಡರ್ (ಟೈಪ್ ಮಾಡುವಾಗ ಟಿಎಂಪಿ), ಕೊನೆಕೊನೆಗೆ ರೂಟ್‌ನಲ್ಲಿರುವ ಟೆಂಪ್. ಕಾರ್ಡು ಸವೆಯಬಾರದು ಅಂತ ಈ ಎರಡೂ ಟೆಂಪ್ ಫೋಲ್ಡರುಗಳನ್ನು ಟೆಂಪ್‌ಎಫ್‌ಎಸ್ ಮಾಡಿಟ್ಟವರು ಭಾಳ ಮಂದಿ, ನಾನೂ ಹಿಂದೆ ಹಾಗೇ ಹೇಳಿಕೊಡುತ್ತಿದ್ದೆ. ಡೆಬಿಯನ್ 13ರಿಂದ ರೂಟ್‌ನ ಟೆಂಪ್ ಮೊದಲಿನಿಂದಲೇ ಟೆಂಪ್‌ಎಫ್‌ಎಸ್. ಟೆಂಪ್‌ಎಫ್‌ಎಸ್ ಅಂದರೆ ರ‍್ಯಾಮೇ, ಹೆಸರು ಬೇರೆ ಅಷ್ಟೆ.

ನೋಡುವುದು ಸುಲಭ. ಡಿಎಫ್ ಹೈಫನ್ ಎಚ್ ಕೊಟ್ಟು ಆ ಫೋಲ್ಡರಿನ ದಾರಿ ಬರೆಯಿರಿ. ಎಡಗಡೆಯ ಮೊದಲ ಕಾಲಮ್‌ನಲ್ಲಿ ಟೆಂಪ್‌ಎಫ್‌ಎಸ್ ಅಂತ ಬಂದರೆ ಅಲ್ಲಿಗೆ ಬಿಡಬೇಡಿ. ಎಸ್‌ಕ್ಯೂಲೈಟ್_ಟಿಎಂಪಿಡಿಐಆರ್ ಅನ್ನು ಪೆನ್‌ಡ್ರೈವಿನ ಒಂದು ಫೋಲ್ಡರಿಗೆ ಎಕ್ಸ್‌ಪೋರ್ಟ್ ಮಾಡಿ, ಆಮೇಲೆ ಅದೇ ಟರ್ಮಿನಲ್‌ನಲ್ಲಿ ಎಸ್‌ಕ್ಯೂಲೈಟ್ ತೆರೆಯಿರಿ. ಬೇರೆ ಟರ್ಮಿನಲ್ ತೆರೆದರೆ ಆ ಸೆಟ್ಟಿಂಗ್ ಅಲ್ಲಿ ಇರುವುದಿಲ್ಲ.

ಹಂತ 7ರಲ್ಲಿ ವ್ಯಾಕ್ಯೂಮ್ ಇನ್‌ಟು ಬಳಸುವಾಗ ಪ್ರತಿ ಹೋಗುವ ಜಾಗವನ್ನು ನೀವೇ ಹೆಸರಿಸುತ್ತೀರಿ. ಆದರೂ ಇಂಡೆಕ್ಸ್ ಕಟ್ಟುವಾಗ, ದೊಡ್ಡ ಸಾರ್ಟ್ ಬಂದಾಗ ತಾತ್ಕಾಲಿಕ ಫೈಲ್ ಹುಟ್ಟಬಹುದು. ಅದಕ್ಕೇ ಈ ಹಂತ ಬಿಡಬೇಡಿ.

ಹಂತ 6: ಮೆಮೊರಿಗೆ ಬೇಲಿ, ಪ್ರೊಸೆಸರ್‌ಗೆ ಲಗಾಮು

ಕ್ಯಾಶ್_ಸೈಜ್ (ರ‍್ಯಾಮ್‌ನಲ್ಲಿ ಎಷ್ಟು ಹಿಡಿದಿಟ್ಟುಕೊಳ್ಳಬೇಕು ಅನ್ನುವ ಮಿತಿ) ಎಂಬ ಪ್ರಾಗ್ಮಾದಲ್ಲಿ ಧನ ಸಂಖ್ಯೆ ಕೊಟ್ಟರೆ ಅದು ಪುಟಗಳ ಲೆಕ್ಕ, ಋಣ ಸಂಖ್ಯೆ ಕೊಟ್ಟರೆ ಕಿಲೋಬೈಟ್ ಲೆಕ್ಕ. ಇದು ಗೊತ್ತಿಲ್ಲದೆ 100000 ಅಂತ ಎಲ್ಲಿಂದಲೋ ನಕಲು ಮಾಡಿ ಹಾಕಿಕೊಂಡವರನ್ನು ಕಂಡಿದ್ದೇನೆ. 4096 ಬೈಟ್ ಪುಟಕ್ಕೆ ಅದು ಸುಮಾರು 410 ಎಂಬಿ. ಅದೂ ವ್ಯಾಕ್ಯೂಮ್ ಹೊತ್ತಿಗೆ ಮೂಲಕ್ಕೊಂದು, ಪ್ರತಿಗೊಂದು ಅಂತ ಎರಡು ಕ್ಯಾಶ್. ಮೊದಲಿನಿಂದ ಬರುವ ಬೆಲೆ ಮೈನಸ್ 2000, ಅಂದರೆ 2 ಎಂಬಿ ಆಸುಪಾಸು, ಅದೇ ಸಾಕು. ಮೊದಲ ಪುಟದಿಂದ ಕೊನೆಯ ತನಕ ಒಮ್ಮೆ ಓದಿ ಒಮ್ಮೆ ಬರೆಯುವ ಕೆಲಸಕ್ಕೆ ದೊಡ್ಡ ಕ್ಯಾಶ್‌ನಿಂದ ಸಿಗುವ ಲಾಭ ಕಡಿಮೆ. ಧೈರ್ಯಕ್ಕೆ ಮೈನಸ್ 8000 ಕೊಡಿ, ಅದಕ್ಕಿಂತ ಮೇಲೆ ಬೇಡ.

ಇದರ ಮೇಲೆ ಪ್ರಾಗ್ಮಾ ಹಾರ್ಡ್_ಹೀಪ್_ಲಿಮಿಟ್ ಕೂಡ ಹಾಕಿ. 2020ರ 3.31 ಆವೃತ್ತಿಯಿಂದ ಇದೆ. ಬೈಟ್ ಲೆಕ್ಕದಲ್ಲಿ ಕೊಡಬೇಕು, 64 ಎಂಬಿಗೆ 67108864. ಮಿತಿ ದಾಟಿದರೆ ಎಸ್‌ಕ್ಯೂಲೈಟ್ ತಾನೇ ಔಟ್ ಆಫ್ ಮೆಮೊರಿ ಅಂತ ಹೇಳಿ ನಿಲ್ಲುತ್ತದೆ. ಇದು ಇಲ್ಲದಿದ್ದರೆ ಲಿನಕ್ಸ್ ಕರ್ನಲ್ ಯಾರನ್ನು ಕೊಲ್ಲಬೇಕು ಅಂತ ಹುಡುಕುತ್ತದೆ, ಆಗ ಮೋಟರ್ ನಡೆಸುವ ಪ್ರೋಗ್ರಾಮೇ ಬಲಿಯಾಗಬಹುದು.

ಇಡೀ ಆಜ್ಞೆಯ ಮುಂದೆ ನೈಸ್ ಹೈಫನ್ ಎನ್ 19 ಹಚ್ಚಿ, ಪ್ರೊಸೆಸರ್ ಸರದಿಯಲ್ಲಿ ಅದು ಕೊನೆಗೆ ನಿಲ್ಲುತ್ತದೆ. ಅಯೊನೈಸ್ ಹೈಫನ್ ಸಿ 3 ಕೂಡ ಹಚ್ಚಬಹುದು, ಕಾರ್ಡಿನ ಸರದಿಗೂ ಹಾಗೇ. ಆದರೆ ಅದು ಕೆಲಸ ಮಾಡುವುದು ಕಾರ್ಡಿನ ಐಒ ಶೆಡ್ಯೂಲರ್ (ಓದು ಬರಹದ ಸರದಿ ಹಂಚುವ ಭಾಗ) ಯಾವುದು ಅನ್ನುವುದರ ಮೇಲೆ. ಬಿಎಫ್‌ಕ್ಯೂ ಇದ್ದರೆ ಚೆನ್ನಾಗಿ ಕೇಳುತ್ತದೆ.

ಸಮಯವನ್ನೂ ಆರಿಸಿಕೊಳ್ಳಿ. ವಿಜಯಪುರದ ಏಪ್ರಿಲ್, ಮೇ ಮಧ್ಯಾಹ್ನ ತಗಡಿನ ಶೆಡ್ಡಿನೊಳಗೆ ಪೈ ಸುಮ್ನೆ ಕೂತರೂ ಕಾದಿರುತ್ತದೆ. ಚಿಪ್ 80 ಡಿಗ್ರಿ ದಾಟಿದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ನಸುಕಿನಲ್ಲಿ ಮಾಡಿ.

ಹಂತ 7: ಕುಗ್ಗಿಸುವುದು

ಮೊದಲು ಪ್ರಾಗ್ಮಾ ಆಟೋ_ವ್ಯಾಕ್ಯೂಮ್ ಸಮ 2 ಅಂತ ಕೊಡಿ. 2 ಅಂದರೆ ಇನ್‌ಕ್ರಿಮೆಂಟಲ್. ಇದನ್ನು ವ್ಯಾಕ್ಯೂಮ್‌ಗೆ ಮುಂಚೆ, ಅದೇ ಕನೆಕ್ಷನ್‌ನಲ್ಲಿ ಕೊಟ್ಟರೆ ಮಾತ್ರ ಹತ್ತುತ್ತದೆ. ಟೇಬಲ್ ಇರುವ ಡೇಟಾಬೇಸಿಗೆ ಆಮೇಲೆ ಕೊಟ್ಟರೆ ತಪ್ಪು ಅಂತಲೂ ಹೇಳುವುದಿಲ್ಲ, ಕೆಲಸವೂ ಮಾಡುವುದಿಲ್ಲ. ಇದರ ಉಪಯೋಗ ಹಂತ 9ರಲ್ಲಿ ಬರುತ್ತದೆ.

ಆಮೇಲೆ ವ್ಯಾಕ್ಯೂಮ್ ಇನ್‌ಟು, ಉದ್ಧರಣ ಚಿಹ್ನೆಯೊಳಗೆ ಪೆನ್‌ಡ್ರೈವಿನಲ್ಲಿ ಹೊಸ ಫೈಲಿನ ಪೂರ್ತಿ ದಾರಿ. ಆ ಹೆಸರಿನ ಫೈಲ್ ಮೊದಲೇ ಇರಬಾರದು. ಇಲ್ಲಿ ಬೇಕಾಗುವುದು ಚೀಟಿಯಲ್ಲಿ ಬರೆದ 370 ಎಂಬಿಯಷ್ಟೇ. ಮೂಲ ಫೈಲನ್ನು ಮುಟ್ಟುವುದಿಲ್ಲ, ಅದರ ಜರ್ನಲ್ ಬೆಳೆಯುವುದಿಲ್ಲ, ಕಾರ್ಡಿಗೆ ಆ ಹೊತ್ತಿನಲ್ಲಿ ಓದುವ ಕೆಲಸ ಮಾತ್ರ. ಸಾದಾ ವ್ಯಾಕ್ಯೂಮ್‌ನಲ್ಲಾದರೆ ಪ್ರತಿಯನ್ನು ಮತ್ತೆ ಮೂಲದ ಮೇಲೆ ಬರೆಯಬೇಕು. ಡಬ್ಲ್ಯುಎಎಲ್ ಮೋಡ್ ಇದ್ದರೆ ಅಷ್ಟೂ ಪುಟ ಮೊದಲು ಆ ಪಕ್ಕದ ಫೈಲಿಗೆ, ಆಮೇಲೆ ಮುಖ್ಯ ಫೈಲಿಗೆ.

ಮುಗಿದ ಕೂಡಲೇ ಸಿಂಕ್ ಆಜ್ಞೆ ಕೊಡಿ. ವ್ಯಾಕ್ಯೂಮ್ ಇನ್‌ಟು ಮುಗಿಯಿತು ಅಂದಾಗ ಫೈಲ್ ನಿಜವಾಗಿ ಡ್ರೈವಿಗೆ ಇಳಿದಿದೆ ಅಂತ ಗ್ಯಾರಂಟಿ ಇಲ್ಲ, ಇನ್ನೂ ಲಿನಕ್ಸ್‌ನ ಕೈಯಲ್ಲೇ ಇರಬಹುದು. ನಡುವೆ ಕರೆಂಟ್ ಹೋದರೆ ಆ ಹೊಸ ಫೈಲನ್ನು ನಂಬಬೇಡಿ. ಅಳಿಸಿ ಮತ್ತೆ ಮಾಡಿ. ಮೂಲ ಹಾಗೇ ಇದೆಯಲ್ಲ, ಗಾಬರಿ ಬೇಡ.

ಒಂದು ಎಚ್ಚರಿಕೆ. ಟೇಬಲ್ಲಿಗೆ ಇಂಟಿಜರ್ ಪ್ರೈಮರಿ ಕೀ ಅಂತ ಕಾಲಮ್ ಇಲ್ಲದೆ, ನಿಮ್ಮ ಪ್ರೋಗ್ರಾಂ ರೋಐಡಿಯನ್ನೇ ಗುರುತಾಗಿ ಬಳಸುತ್ತಿದ್ದರೆ, ವ್ಯಾಕ್ಯೂಮ್ ಆದ ಮೇಲೆ ಆ ರೋಐಡಿಗಳು ಬದಲಾಗಬಹುದು. ರಸೀದಿ ಸಂಖ್ಯೆಯನ್ನು ರೋಐಡಿಯಿಂದ ತೆಗೆಯುವ ಕಾಟಾದ ಪ್ರೋಗ್ರಾಂ ಇದ್ದರೆ ಮೊದಲು ಅದನ್ನು ಸರಿ ಮಾಡಿ, ಆಮೇಲೆ ಇಲ್ಲಿಗೆ ಬನ್ನಿ.

ನಡೆಯುವಾಗ ಕಣ್ಣಿಡಬೇಕಾದ ಗುರುತುಗಳು

ಇನ್ನೊಂದು ಟರ್ಮಿನಲ್‌ನಲ್ಲಿ ವಿಎಂಸ್ಟ್ಯಾಟ್ 1 ಓಡಿಸಿ. ಎಸ್‌ಐ ಮತ್ತು ಎಸ್‌ಒ ಕಾಲಮ್ ಸೊನ್ನೆ ಆಸುಪಾಸು ಇರಬೇಕು. ಅವು ಏರುತ್ತಾ ಹೋದರೆ ಸ್ವಾಪ್ ನಡೆಯುತ್ತಿದೆ (ರ‍್ಯಾಮ್ ಸಾಲುತ್ತಿಲ್ಲ), ಅಂದರೆ ಹಂತ 5 ಅಥವಾ 6ರಲ್ಲಿ ಏನೋ ಬಿಟ್ಟಿದ್ದೀರಿ. ಕಂಟ್ರೋಲ್ ಸಿ ಒತ್ತಿ ನಿಲ್ಲಿಸಿ, ವೈರ್ ಕೀಳಬೇಡಿ. ಡಬ್ಲ್ಯುಎ ಕಾಲಮ್ ಜಾಸ್ತಿ ಇರುವುದು ಸಹಜ, ಡ್ರೈವಿಗೆ ಕಾಯುತ್ತಿದೆ ಅಷ್ಟೆ. ಇದನ್ನೇ ನೋಡಿ ಪೈ ಸತ್ತಿತು ಅಂದುಕೊಳ್ಳುತ್ತಾರೆ.

ಫ್ರೀ ಹೈಫನ್ ಎಚ್‌ನಲ್ಲಿ ನೋಡಬೇಕಾದದ್ದು ಅವೇಲಬಲ್ ಕಾಲಮ್. ಫ್ರೀ ಕಾಲಮ್ ಕಡಿಮೆ ಆಗುವುದು ಮಾಮೂಲು, ಓದಿದ ಫೈಲನ್ನು ಲಿನಕ್ಸ್ ರ‍್ಯಾಮ್‌ನಲ್ಲಿ ಇಟ್ಟುಕೊಂಡಿರುತ್ತದೆ, ಬೇಕಾದಾಗ ಬಿಡುತ್ತದೆ.

ವಿಸಿಜೆನ್‌ಸಿಎಂಡಿ ಗೆಟ್_ಥ್ರಾಟಲ್ಡ್ ಕೊಟ್ಟಾಗ 0ಎಕ್ಸ್0 ಬರಬೇಕು. 0ಎಕ್ಸ್50000 ಬಂದರೆ ಪೈ ಆನ್ ಆದ ಮೇಲೆ ಎಂದೋ ವೋಲ್ಟೇಜ್ ಇಳಿದಿದೆ, ವೇಗವೂ ಇಳಿದಿದೆ. ಅಡಾಪ್ಟರ್ ಬದಲಿಸಿ ಮತ್ತೆ ಶುರು ಮಾಡಿ.

ಕರ್ನಲ್ ಸಂದೇಶ ತೋರಿಸುವ ಡಿಎಂಇಎಸ್‌ಜಿ‌ನಲ್ಲಿ ಎಂಎಂಸಿ0 ಹೆಸರಿನ ಐಒ ಎರರ್, ಅಥವಾ ಫೈಲ್‌ಸಿಸ್ಟಮ್ ರೀಡ್ ಓನ್ಲಿ ಆಯಿತು ಅನ್ನುವ ಸಾಲು ಕಂಡರೆ ಕಾರ್ಡಿನ ಆಯುಷ್ಯ ಮುಗಿಯುತ್ತಾ ಬಂದಿದೆ. ಆಗ ಕುಗ್ಗಿಸುವುದನ್ನು ಬಿಡಿ. ಡೇಟಾ ಹೊರಗೆ ತೆಗೆದು ಹೊಸ ಕಾರ್ಡ್ ಹಾಕಿ.

ಹಂತ 8: ಪರೀಕ್ಷೆ, ಅದಲು ಬದಲು

ಹೊಸ ಫೈಲ್ ತೆರೆದು ಪ್ರಾಗ್ಮಾ ಇಂಟೆಗ್ರಿಟಿ_ಚೆಕ್ ಕೊಡಿ. ಓಕೆ ಅಂತ ಒಂದೇ ಪದ ಬರಬೇಕು. ಹಳೆಯದರಲ್ಲೂ ಹೊಸದರಲ್ಲೂ ಸಾಲುಗಳ ಲೆಕ್ಕ, ಮೊದಲ ಸಮಯ, ಕೊನೆಯ ಸಮಯ ಹೋಲಿಸಿ. ಹಂತ 3ರ ಎರಡನೇ ದಾರಿ ಹಿಡಿದವರು ಉಳಿಸಬೇಕಾದ ಸಾಲುಗಳ ಲೆಕ್ಕದ ಜೊತೆ ಹೋಲಿಸಿ.

ಕಾರ್ಡಿನಲ್ಲಿ ಹೊಸ ಫೈಲಿಗೆ ಜಾಗ ಇದ್ದರೆ ಹಳೇ ಫೈಲಿನ ಹೆಸರು ಬದಲಿಸಿ, ಹೊಸದನ್ನು ಬೇರೆ ಹೆಸರಿನಲ್ಲಿ ತಂದು, ಸಿಂಕ್ ಮಾಡಿ, ಆಮೇಲೆ ಎಂವಿ ಆಜ್ಞೆಯಿಂದ ನಿಜವಾದ ಹೆಸರು ಕೊಡಿ. ಜಾಗ ಇಲ್ಲದಿದ್ದರೆ ಹಂತ 2ರ ಬ್ಯಾಕಪ್ ಸರಿಯಾಗಿದೆ ಅಂತ ಇನ್ನೊಮ್ಮೆ ನೋಡಿಕೊಂಡು ಹಳೆಯದನ್ನು ಅಳಿಸಿ. ಹಳೇ ಡಬ್ಲ್ಯುಎಎಲ್ ಫೈಲ್ ಪಕ್ಕದಲ್ಲಿ ಉಳಿದಿರುವಾಗ ಅದೇ ಹೆಸರಿನಲ್ಲಿ ಹೊಸ ಡೇಟಾಬೇಸ್ ಇಟ್ಟರೆ ಎರಡೂ ಕಲೆತು ಹೊಸದು ಕೆಡಬಹುದು. ಅದಕ್ಕೇ ಹಂತ 4 ಅಷ್ಟು ಒತ್ತಿ ಹೇಳಿದ್ದು.

ಫೈಲಿನ ಮಾಲೀಕ ಮತ್ತು ಪರ್ಮಿಷನ್ ಮೊದಲಿನ ಹಾಗೇ ಇವೆಯಾ ನೋಡಿ. ಸೂಡೂ ಹಾಕಿ ಮಾಡಿದರೆ ಫೈಲ್ ರೂಟ್ ಹೆಸರಿಗೆ ಹೋಗಿರುತ್ತದೆ, ಲಾಗರ್‌ಗೆ ಬರೆಯಲು ಬರುವುದಿಲ್ಲ, ಮರುದಿನ ತನಕ ಯಾರಿಗೂ ಗೊತ್ತಾಗುವುದಿಲ್ಲ. ಪ್ರಾಗ್ಮಾ ಜರ್ನಲ್_ಮೋಡ್ ಕೇಳಿ ಡಬ್ಲ್ಯುಎಎಲ್ ಬೇಕಿದ್ದರೆ ಮತ್ತೆ ಹಾಕಿ.

ಕೊನೆಗೆ ಎಫ್‌ಎಸ್‌ಟ್ರಿಮ್ ಹೈಫನ್ ವಿ, ಡೇಟಾ ಇರುವ ಪಾರ್ಟಿಷನ್ ಮೇಲೆ. ಯಾವ ಜಾಗ ಈಗ ಖಾಲಿ ಅಂತ ಕಾರ್ಡಿನ ಕಂಟ್ರೋಲರ್‌ಗೆ ತಿಳಿಸುತ್ತದೆ. ತಿಳಿಸದಿದ್ದರೆ ಅದು ಸತ್ತ ಡೇಟಾವನ್ನೂ ಒಳಗೊಳಗೇ ಅತ್ತಿಂದಿತ್ತ ಸಾಗಿಸುತ್ತಾ ಇರುತ್ತದೆ. ಬೆಂಬಲ ಇಲ್ಲ ಅಂತ ಬಂದರೆ ಬಿಟ್ಟುಬಿಡಿ.

ಹಂತ 9: ಇನ್ನು ಮುಂದೆ ಸ್ವಲ್ಪ ಸ್ವಲ್ಪ

ಆಟೋ_ವ್ಯಾಕ್ಯೂಮ್ 2 ಆಗಿದೆಯಾ ಕೇಳಿ ನೋಡಿ. ಆಗಿದ್ದರೆ ದಿನಾ ನಸುಕಿನಲ್ಲಿ ಪ್ರಾಗ್ಮಾ ಇನ್‌ಕ್ರಿಮೆಂಟಲ್_ವ್ಯಾಕ್ಯೂಮ್, ಕಂಸದಲ್ಲಿ 500 ಅಂತ ಕೊಡಿ. ಖಾಲಿ ಪುಟಗಳಲ್ಲಿ 500ರ ತನಕ ತೆಗೆದು ಫೈಲಿನ ಬಾಲ ಕತ್ತರಿಸುತ್ತದೆ, 2 ಎಂಬಿ ಚಿಲ್ಲರೆ. ಪೂರ್ತಿ ಪ್ರತಿ ಬೇಡ, ಎರಡರಷ್ಟು ಜಾಗ ಬೇಡ. ಫೈಲ್ ಒಳಗೆ ಪುಟಗಳು ಸ್ವಲ್ಪ ಚದುರುತ್ತವೆ ನಿಜ, ಕಾರ್ಡಿನ ಮೇಲೆ ಅದು ಅಷ್ಟು ತಟ್ಟುವುದಿಲ್ಲ. 1 ಅಂತ ಹಾಕಿದರೆ ಪ್ರತಿ ಕಮಿಟ್‌ಗೂ ಈ ಕೆಲಸ ನಡೆಯುತ್ತದೆ, ಅದು ಬೇಡ.

ಪೈಥಾನ್‌ನಲ್ಲಿ ಇದನ್ನು ಎಕ್ಸಿಕ್ಯೂಟ್‌ನಿಂದ ಕರೆದರೆ ಒಂದೇ ಪುಟ ಬಿಟ್ಟು ನಿಲ್ಲಬಹುದು. ಒಂದೊಂದು ಪುಟಕ್ಕೂ ಎಸ್‌ಕ್ಯೂಲೈಟ್ ಒಂದು ಹೆಜ್ಜೆ ಇಟ್ಟು ಕಾಯುತ್ತದೆ, ಮುಂದಿನ ಹೆಜ್ಜೆಗೆ ಯಾರೂ ಕೇಳದಿದ್ದರೆ ಅಲ್ಲೇ ಇರುತ್ತದೆ. ಎಕ್ಸಿಕ್ಯೂಟ್‌ಸ್ಕ್ರಿಪ್ಟ್ ಬಳಸಿ. ಮೊದಲು, ಆಮೇಲೆ ಫ್ರೀಲಿಸ್ಟ್_ಕೌಂಟ್ ಎಷ್ಟು ಅಂತ ಲಾಗ್‌ನಲ್ಲಿ ಬರೆಸಿ.

ಫೈಲ್ ಉಬ್ಬುವ ಮೂಲವನ್ನೂ ನೋಡಿ. ಸಮಯವನ್ನು ಅಕ್ಷರದಲ್ಲಿ ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡ್ ಅಂತ ಬರೆದರೆ 19 ಬೈಟ್. ಯುನಿಕ್ಸ್ ಸಮಯದ ಪೂರ್ಣಾಂಕವಾಗಿ ಬರೆದರೆ 4 ಬೈಟ್. 10 ಸೆನ್ಸರ್ ನಿಮಿಷಕ್ಕೊಂದು ಸಲ ಬರೆದರೆ ವರ್ಷಕ್ಕೆ 52,56,000 ಸಾಲು. ಸಮಯ ಒಂದರಲ್ಲೇ ಸುಮಾರು 79 ಎಂಬಿ ಉಳಿತಾಯ, ಅದರ ಮೇಲೆ ಇಂಡೆಕ್ಸ್ ಇದ್ದರೆ ಅಲ್ಲೂ ಅಷ್ಟೇ. 31.4 ಡಿಗ್ರಿಯನ್ನು ದಶಾಂಶದಲ್ಲಿ ಬರೆದರೆ 8 ಬೈಟ್, 314 ಅಂತ ಬರೆದರೆ 2.

ಇದೆಲ್ಲಕ್ಕಿಂತ ಹಗುರವಾದ ದಾರಿ ಹಂಗಾಮಿಗೊಂದು ಫೈಲ್. ದ್ರಾಕ್ಷಿಯವರು ಏಪ್ರಿಲ್ ಚಾಟ್ನಿಗೊಂದು (ಚಾಟ್ನಿ ಅಂದರೆ ಬಳ್ಳಿ ಸವರುವುದು), ಅಕ್ಟೋಬರ್ ಚಾಟ್ನಿಗೊಂದು ಫೈಲ್ ಶುರು ಮಾಡಿ. ಕಾಟಾದವರು ಕಬ್ಬು ನುರಿಸುವ ಹಂಗಾಮಿಗೆ ಒಂದು. ಹಳೇ ಹಂಗಾಮು ಬೇಡ ಅಂದಾಗ ಆ ಫೈಲ್ ಒಂದನ್ನು ತೆಗೆದರೆ ಮುಗಿಯಿತು, ಡಿಲೀಟ್ ಇಲ್ಲ, ವ್ಯಾಕ್ಯೂಮ್ ಇಲ್ಲ. ಎರಡು ಹಂಗಾಮು ಹೋಲಿಸಬೇಕಾದಾಗ ಅಟ್ಯಾಚ್ ಮಾಡಿಕೊಂಡು ನೋಡಿ.

ಹಳೆಯದನ್ನು ಒತ್ತಿ (ಕಂಪ್ರೆಸ್ ಮಾಡಿ) ಇಡುವುದಾದರೆ ಎಕ್ಸ್‌ಝಡ್‌ಗೆ ಮೈನಸ್ 9 ಕೊಡಬೇಡಿ. ಅದಕ್ಕೆ ಒತ್ತಲು 674 ಎಂಬಿ ರ‍್ಯಾಮ್ ಬೇಕು, ಬಿಚ್ಚಲು 65. ಮೈನಸ್ 6ಕ್ಕೆ 94 ಮತ್ತು 9, ಮೈನಸ್ 1ಕ್ಕೆ 9 ಮತ್ತು 2 ಸಾಕು. ಪೈ ಮೇಲೆ ನಾನು ಮೈನಸ್ 1 ಅಥವಾ 2ರಲ್ಲೇ ನಿಲ್ಲುತ್ತೇನೆ. ಒತ್ತಿದ ಮೇಲೆ ಎಕ್ಸ್‌ಝಡ್ ಹೈಫನ್ ಟಿ ಕೊಟ್ಟು ಫೈಲ್ ಸರಿಯಾಗಿ ಬಿಚ್ಚುತ್ತದೆ ಅಂತ ನೋಡಿಕೊಂಡೇ ಪೆನ್‌ಡ್ರೈವ್ ತೆಗೆಯಿರಿ.